ಉಲ್ಕಾಶಿಲೆಯೂ ಮಲೆನಾಡಿನ ಮಳೆಯೂ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಬಾಲಕನೊಬ್ಬನು, ಮೂಡಿಗೆರೆಯ ಕಡೆಯ ಕಾಫಿ ತೋಟವೊಂದರಲ್ಲಿ ಚರಂಡಿ ತೆಗೆಯುವಾಗ ಸಿಕ್ಕಿತೆಂದು, ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ಚೀಲದಲ್ಲಿ ಹೊತ್ತು ತಂದನು. ಗಾತ್ರಕ್ಕೆ ಮೀರಿದ ಭಾರ. ಮೇಲೆಲ್ಲ ಕಂದುಗಪ್ಪಾದ ಸಿಪ್ಪೆ. ಇದು ಆಕಾಶದಿಂದ ಬಿದ್ದುದಿರಬಹುದೇ ಎಂಬುದು ಅವನ ಪ್ರಶ್ನೆ. ಉತ್ತರ ಹೇಳುವ ಆತುರದಲ್ಲಿ ನಾನು ಮಾಡಿದ ಕೆಲಸಗಳನ್ನು ಇಲ್ಲಿ ಒಪ್ಪಿಕೊಳ್ಳುವುದು ಲೇಸು. ಮೊದಲು ಕಲ್ಲನ್ನು ಕೊಳಾಯಿಯ ಕೆಳಗೆ ಹಿಡಿದು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ತೊಳೆದೆ. ಪ್ರಯೋಗಶಾಲೆಯ ಬಲವಾದ ಅಯಸ್ಕಾಂತವನ್ನು ತಾಗಿಸಿದೆ, ಅದು ಅಂಟಿಕೊಂಡಿತು. ಉತ್ಸಾಹದಿಂದ ಮೂಲೆಯೊಂದನ್ನು ಸುತ್ತಿಗೆಯಿಂದ ಒಡೆದೆ. ಒಡೆದ ಮುಖದಲ್ಲಿ ಬಿಳಿಯ ಸ್ಫಟಿಕದ ಪಟ್ಟಿ, ಕರಿಯ ಕಬ್ಬಿಣದ ಪಟ್ಟಿ ಒಂದರ ಮೇಲೊಂದು ಕಾಣಿಸಿದಾಗ ಸಂಶಯ ಪರಿಹಾರವಾಯಿತು. ಅದು ನಮ್ಮ ಕುದುರೆಮುಖದ ಬೆಟ್ಟಗಳಲ್ಲಿ ಧಾರಾಳವಾಗಿರುವ ಮ್ಯಾಗ್ನೆಟೈಟ್ ಅದಿರಿನ ಜಾತಿಯ ಕಲ್ಲು.

ಬಾಲಕನಿಗೆ ನಿರಾಶೆಯಾಯಿತು, ನನಗೆ ಸಮಾಧಾನವಾಯಿತು. ಆದರೆ ಅದು ನಿಜವಾಗಿಯೂ ಉಲ್ಕಾಶಿಲೆಯಾಗಿದ್ದರೆ, ಕೋಟ್ಯಂತರ ವರ್ಷ ಉಳಿದು ಬಂದಿದ್ದ ಸಾಕ್ಷ್ಯವನ್ನು ಅರ್ಧ ಗಂಟೆಯೊಳಗೆ ನಾನೇ ಕೆಡಿಸಿಬಿಡುತ್ತಿದ್ದೆನೆಂಬ ಅರಿವು ಮೂಡಿದ್ದು ಆಮೇಲೆ, ಈ ವಿಷಯವಾಗಿ ಓದತೊಡಗಿದ ಮೇಲೆ. ಮಳೆಯ ನಾಡಾದ ನಮ್ಮ ಕಾಫಿಯ ಗುಡ್ಡಗಳು ಉಲ್ಕಾಶಿಲೆಯ ಪಾಲಿಗೆ ಅತ್ಯಂತ ಕಠೋರವಾದ ಸ್ಥಳ. ಆದ್ದರಿಂದಲೇ ಅದು ಇಲ್ಲಿ ಹೇಗೆ ಶಿಥಿಲವಾಗುತ್ತದೆಂಬುದನ್ನು ಅರಿಯುವ ಕೆಲಸವನ್ನು ಇಲ್ಲಿಯವರೇ ಕೈಗೆತ್ತಿಕೊಳ್ಳಬೇಕು. ಅದಕ್ಕೆ ಅವಕೆಂಪು ಕಿರಣಗಳ ರೋಹಿತದರ್ಶನ ನಮಗೆ ಎಟಕುವ ಉಪಕರಣ. ಆ ಓದಿನ ಫಲವಾಗಿ ನಾನು ತಳೆದಿರುವ ಅಭಿಪ್ರಾಯ ಇದು.

ಉಲ್ಕಾಶಿಲೆಗಳಲ್ಲಿ ಬಹುಪಾಲು ಕಾಂಡ್ರೈಟ್ ಎಂಬ ಜಾತಿಯವು. ಆಲಿವೀನ್, ಪೈರಾಕ್ಸೀನ್ ಮುಂತಾದ ಸಿಲಿಕೇಟ್ ಖನಿಜಗಳ ನಡುವೆ ನಿಕಲ್ ಬೆರೆತ ಕಬ್ಬಿಣದ ಕಣಗಳೂ ಟ್ರಾಯ್ಲೈಟ್ ಎಂಬ ಗಂಧಕಯುಕ್ತ ಕಬ್ಬಿಣವೂ ಅವುಗಳಲ್ಲಿ ಹರಡಿಕೊಂಡಿರುತ್ತವೆ. ನೀರೂ ಗಾಳಿಯೂ ಇಲ್ಲದ ಅವಕಾಶದಲ್ಲಿ ಈ ಲೋಹ ಸುಮಾರು 450 ಕೋಟಿ ವರ್ಷ ತುಕ್ಕು ಹಿಡಿಯದೆ ಇರಬಲ್ಲದು. ಭೂಮಿಗೆ ಬಿದ್ದ ದಿನದಿಂದಲೇ ಅದರ ದುರ್ದೆಸೆ ಪ್ರಾರಂಭವಾಗುತ್ತದೆ. ನಮ್ಮ ಕುದುರೆಮುಖದ ಅದಿರು ಮಳೆಯಲ್ಲಿ ನಿಂತರೂ ಸುಲಭವಾಗಿ ಕುಂದುವುದಿಲ್ಲ, ಏಕೆಂದರೆ ಅದರ ಕಬ್ಬಿಣ ಆಗಲೇ ಆಮ್ಲಜನಕದೊಡನೆ ಕೂಡಿಕೊಂಡಿದೆ. ಉಲ್ಕಾಶಿಲೆಯ ಕಬ್ಬಿಣವಾದರೋ ಬೆತ್ತಲೆ ಲೋಹ. ಹೊಸ ಮೊಳೆಯೊಂದನ್ನು ಆಷಾಢದ ಮಳೆಯಲ್ಲಿ ಅಂಗಳದಲ್ಲಿ ಮರೆತು ಬಂದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತುಕ್ಕು ಮೂಲಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆದ್ದರಿಂದ ಕಲ್ಲಿನೊಳಗೆ ಬಿರುಕು ಬಿಡುತ್ತದೆ, ಬಿರುಕಿನೊಳಗೆ ಮತ್ತೆ ನೀರು ಇಳಿಯುತ್ತದೆ. ಲೋಹ ಮುಗಿದ ಮೇಲೆ ಸಿಲಿಕೇಟುಗಳ ಸರದಿ. ಅವು ಕೊನೆಗೆ ಜೇಡಿಯಾಗಿ ಮಣ್ಣಿನೊಡನೆ ಒಂದಾಗುತ್ತವೆ. ಈ ಅವನತಿಯನ್ನು ಜರ್ಮನಿಯ ವಿಜ್ಞಾನಿ ವ್ಲೋಟ್ಸ್‌ಕಾ 1993ರಲ್ಲಿ ಸೊನ್ನೆಯಿಂದ ಆರರವರೆಗೆ ಮೆಟ್ಟಿಲುಗಳಾಗಿ ವಿಂಗಡಿಸಿದರು. ನಾಲ್ಕನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಲೋಹವೆಲ್ಲ ಹೆಚ್ಚುಕಡಮೆ ತುಕ್ಕಾಗಿರುತ್ತದೆ.

ಅಂಟಾರ್ಕ್ಟಿಕದ ಹಿಮದಲ್ಲಿ ಉಲ್ಕಾಶಿಲೆಗಳು ಲಕ್ಷಾಂತರ ವರ್ಷ ಉಳಿಯುತ್ತವೆ. ಸಹಾರಾ, ಓಮಾನ್, ಆಸ್ಟ್ರೇಲಿಯದ ನಲ್ಲಾರ್ಬರ್ ಬಯಲುಗಳಂಥ ಒಣ ಪ್ರದೇಶಗಳಲ್ಲಿ ಸಾವಿರಾರು ವರ್ಷ ಉಳಿಯುತ್ತವೆ. ಪ್ರಪಂಚದ ಸಂಗ್ರಹಾಲಯಗಳಲ್ಲಿರುವ ಕಲ್ಲುಗಳಲ್ಲಿ ಹೆಚ್ಚಿನವು ಈ ಎರಡು ಬಗೆಯ ಜಾಗಗಳಿಂದಲೇ ಬಂದಿರುವುದು ಇದರಿಂದ. ಆಕಾಶವು ಬಯಲುಸೀಮೆ, ಮಲೆನಾಡು ಎಂದು ಭೇದ ಮಾಡಿ ಕಲ್ಲು ಬೀಳಿಸುವುದಿಲ್ಲ. ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ: ಕಡೂರಿನ ಬಯಲಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ; ಮೂಡಿಗೆರೆಯನ್ನು ದಾಟುವಾಗ ಅದು 2000 ಮಿಲಿಮೀಟರನ್ನು ಮೀರುತ್ತದೆ; ಕಳಸದ ಕಡೆ ಇನ್ನೂ ಹೆಚ್ಚು. ಜೊತೆಗೆ ಎಲೆ ಕೊಳೆತು ಹುಟ್ಟುವ ಆಮ್ಲ, ವರ್ಷದುದ್ದಕ್ಕೂ ಆರದ ತೋಟದ ನೆರಳು. ಈ ಗುಡ್ಡಗಳ ಮೇಲೆ ಎಷ್ಟು ಕಲ್ಲುಗಳು ಬಿದ್ದು ಕರಗಿ ಹೋಗಿವೆಯೋ, ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಭದ್ರೆಗೇ ಗೊತ್ತು.

ಇದು ಕೇವಲ ಊಹೆಯ ಮಾತಲ್ಲ. 1865ರ ಸೆಪ್ಟೆಂಬರ್ 21ರಂದು ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಸುಮಾರು ನಾಲ್ಕೂವರೆ ಕಿಲೋಗ್ರಾಂ ತೂಕದ ಕಲ್ಲು ಬಿದ್ದಿತು. ಪ್ರಪಂಚದ ಪಟ್ಟಿಗಳಲ್ಲಿ ಅದು ಇಂದಿಗೂ ‘ಮುದ್ದೂರ್’ ಎಂಬ ತಪ್ಪು ಕಾಗುಣಿತದ ಹೆಸರಿನಿಂದಲೇ ಪರಿಚಿತ. ಮರುವರ್ಷ, 1866ರ ಏಪ್ರಿಲ್ ತಿಂಗಳಲ್ಲಿ, ಉಡುಪಿಯ ಬಳಿ ಇನ್ನೊಂದು ಬಿದ್ದಿತು. ಉಡುಪಿಯೆಂದರೆ ಕಳಸದಿಂದ ಹಕ್ಕಿ ಹಾರುವ ದಾರಿಯಲ್ಲಿ ನೂರು ಕಿಲೋಮೀಟರಿಗೂ ಕಡಿಮೆ. ನಡುವೆ ಘಟ್ಟವೊಂದು ಅಡ್ಡ, ಅಷ್ಟೆ. ಉಡುಪಿಯ ಕಲ್ಲು ಲೋಹ ಹೆಚ್ಚಾಗಿರುವ ‘ಎಚ್’ ವರ್ಗಕ್ಕೆ ಸೇರಿದ್ದು. ಆ ವರ್ಗದ ಕಲ್ಲಿನ ತೂಕದಲ್ಲಿ ಆರರಲ್ಲಿ ಒಂದು ಪಾಲಿನಷ್ಟು ಲೋಹವೇ ಇರುತ್ತದೆ. ಏಪ್ರಿಲಿನಲ್ಲಿ, ಅಂದರೆ ನಮ್ಮಲ್ಲಿ ಕಾಫಿಯ ಹೂಮಳೆಯ ಕಾಲದಲ್ಲಿ, ಬಿದ್ದದ್ದನ್ನು ಜನ ಕಂಡು ಎತ್ತಿಕೊಂಡದ್ದರಿಂದ ಅದು ಉಳಿಯಿತು. ಯಾರ ಕಣ್ಣಿಗೂ ಬೀಳದೆ ಗದ್ದೆಯ ಬದುವಿನಲ್ಲಿ ಉಳಿದಿದ್ದರೆ ಎಂಟು ವಾರದೊಳಗೆ ಕರಾವಳಿಯ ಮುಂಗಾರು ಅದರ ಮೇಲೆ ಸುರಿಯುತ್ತಿತ್ತು. ಕಡಲಗಾಳಿಯ ಉಪ್ಪಿನ ಕ್ಲೋರೀನ್ ಸೇರಿ ಅಕಗನೈಟ್ ಎಂಬ ದುಷ್ಟ ಜಾತಿಯ ತುಕ್ಕು ಹುಟ್ಟುವ ಸಂಭವವಿತ್ತು. ಅಕಗನೈಟ್ ಲೋಹದ ಅಂಚಿನಲ್ಲಿ ಕುಳಿತು ಒಳಕ್ಕೆ ಕೊರೆಯುತ್ತ ಹೋಗುತ್ತದೆಂಬುದನ್ನು ಕಬ್ಬಿಣದ ಉಲ್ಕೆಗಳ ತಜ್ಞರಾದ ಬುಖ್‌ವಾಲ್ಡ್ ಮತ್ತು ಕ್ಲಾರ್ಕ್ 1989ರಲ್ಲಿ ವಿವರಿಸಿದ್ದಾರೆ.

ಶಿಥಿಲವಾದ ಕಲ್ಲಿನಲ್ಲಿ ಯಾವುದು ಆಕಾಶದಿಂದ ತಂದದ್ದು, ಯಾವುದು ಭೂಮಿಯಲ್ಲಿ ಬೆಳೆದದ್ದು ಎಂದು ಬೇರ್ಪಡಿಸುವುದು ಹೇಗೆ? ಇಲ್ಲಿಯೇ ಅವಕೆಂಪು ಕಿರಣಗಳು ಉಪಕಾರಕ್ಕೆ ಬರುತ್ತವೆ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಒಡೆದು ಒಂದೊಂದು ಬಣ್ಣದಲ್ಲೂ ಉಷ್ಣಮಾಪಕವನ್ನು ಇರಿಸಿದಾಗ, ಕೆಂಪಿನಾಚೆ ಬೆಳಕೇ ಕಾಣದ ಜಾಗದಲ್ಲಿ ಪಾದರಸ ಇನ್ನೂ ಮೇಲಕ್ಕೇರಿತು. ಅದೇ ವರ್ಷ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ, ಇಟ್ಟಿಗೆಯಂತೆ ಕಡಿದು ತೆಗೆಯಬಹುದಾದ ಕೆಂಪು ಕಲ್ಲನ್ನು ಕಂಡು ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ನಾವು ಜಂಬಿಟ್ಟಿಗೆಯೆಂದೂ ಕರಾವಳಿಯವರು ಮುರಕಲ್ಲೆಂದೂ ಕರೆಯುವುದು ಅದನ್ನೇ. ಕಾಣದ ಕಿರಣವೂ ಕೆಂಪು ಕಲ್ಲೂ ವಿಜ್ಞಾನದ ಕಣ್ಣಿಗೆ ಒಂದೇ ಕಾಲಕ್ಕೆ ಬಿದ್ದದ್ದು ಕಾಕತಾಳೀಯವಾದರೂ ನನಗೆ ಪ್ರಿಯವಾದ ಸಂಗತಿ.

ಖನಿಜದೊಳಗಿನ ಪರಮಾಣುಗಳು ಸ್ಥಿರವಾಗಿ ಕುಳಿತಿರುವುದಿಲ್ಲ. ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳಂತೆ ಸದಾ ಅದುರುತ್ತಿರುತ್ತವೆ. ಒಂದೊಂದು ಬಂಧಕ್ಕೂ ತನ್ನದೇ ಆದ ಅದುರಿನ ವೇಗವುಂಟು. ಆ ವೇಗಕ್ಕೆ ಹೊಂದುವ ಅವಕೆಂಪು ಕಿರಣ ಬಂದರೆ ಅದನ್ನು ಹೀರಿಕೊಳ್ಳುತ್ತದೆ, ಉಳಿದುದನ್ನು ಬಿಟ್ಟುಬಿಡುತ್ತದೆ. ಹಾಗೆ ಹೀರಿದ ಜಾಗಗಳು ರೋಹಿತದಲ್ಲಿ ತಗ್ಗುಗಳಾಗಿ ಕಾಣುತ್ತವೆ. ಸಿಲಿಕೇಟುಗಳ ದೊಡ್ಡ ತಗ್ಗು ಸುಮಾರು 10 ಮೈಕ್ರಾನ್ ತರಂಗಾಂತರದ ಸುತ್ತ ಬರುತ್ತದೆ. ಕಾರ್ಬೊನೇಟುಗಳದು 7ರ ಬಳಿ. ಸಲ್ಫೇಟುಗಳದು 9ರ ಬಳಿ. ನೀರು ಹಾಗೂ ಹೈಡ್ರಾಕ್ಸಿಲುಗಳದು 3ರ ಸುತ್ತ. ನೀರಿನ ಅಣು ಇಡಿಯಾಗಿದ್ದರೆ 6.1 ಮೈಕ್ರಾನಿನಲ್ಲಿ ಇನ್ನೊಂದು ತಗ್ಗನ್ನು ತೋರಿಸುತ್ತದೆ; ಖನಿಜದ ಮೈಯಲ್ಲಿ ಸೇರಿಹೋದ ಹೈಡ್ರಾಕ್ಸಿಲ್ ಅದನ್ನು ತೋರಿಸುವುದಿಲ್ಲ. ಕಲ್ಲು ಒದ್ದೆಯಾಗಿದೆಯೇ ಅಥವಾ ನೀರನ್ನು ಕುಡಿದು ಬೇರೆ ಖನಿಜವೇ ಆಗಿದೆಯೇ ಎಂಬ ಭೇದವನ್ನು ಈ ಎರಡು ತಗ್ಗುಗಳ ಹೋಲಿಕೆಯಿಂದ ತಿಳಿಯಬಹುದು.

ಕಾಫಿ ಬೆಳೆಗಾರರಿಗೆ ಈ ಭೇದ ಹೊಸದಲ್ಲ. ಒಣಗಿಸಿದ ಕಾಫಿಯಲ್ಲಿ ತೇವ ಎಷ್ಟು ಉಳಿದಿದೆಯೆಂದು ನೋಡದೆ ಯಾವ ಕ್ಯೂರಿಂಗ್ ಕೇಂದ್ರವೂ ಚೀಲವನ್ನು ಒಳಗೆ ಬಿಡುವುದಿಲ್ಲ. ಅದೇ ಬೀಜವನ್ನು ಮಂಗಳೂರಿನ ಕಡೆ ಮುಂಗಾರಿನ ಗಾಳಿಗೆ ವಾರಗಟ್ಟಲೆ ಬೇಕೆಂದೇ ಒಡ್ಡಿದಾಗ ಅದು ಉಬ್ಬಿ, ಹಸುರು ಕಳೆದು, ಹೊಂಬಣ್ಣಕ್ಕೆ ತಿರುಗಿ, ರುಚಿಯಲ್ಲೂ ಬೇರೆಯಾಗುತ್ತದೆ. ಅದನ್ನು ಮತ್ತೆ ಒಣಗಿಸಿದರೂ ಮೊದಲಿನ ಬೀಜವಾಗದು. ಉಲ್ಕಾಶಿಲೆಯೂ ಹಾಗೆಯೇ. ಮೇಲಿನ ಒದ್ದೆಯನ್ನು ಆರಿಸಬಹುದು. ಲೋಹ ಗೋಥೈಟ್ ಆದ ಮೇಲೆ ಹಿಂದಿರುಗುವ ದಾರಿಯಿಲ್ಲ. ಒಂದು ವ್ಯತ್ಯಾಸ: ಮಾನ್ಸೂನ್ ಕಾಫಿಗೆ ಬೆಲೆ ಏರುತ್ತದೆ.

ಈ ವಿಧಾನವನ್ನು ಹೊಗಳುವ ಭರದಲ್ಲಿ ಅದರ ತೊಡಕುಗಳನ್ನು ಮುಚ್ಚಿಡಬಾರದು. ಲೋಹಕ್ಕೆ ಅವಕೆಂಪು ರೋಹಿತದಲ್ಲಿ ಇಂಥ ತಗ್ಗಿಲ್ಲ. ಆದ್ದರಿಂದ ಎಷ್ಟು ಕಬ್ಬಿಣ ಉಳಿದಿದೆಯೆಂದು ಅದು ನೇರವಾಗಿ ಹೇಳಲಾರದು; ಎಷ್ಟು ತುಕ್ಕು ಬೆಳೆದಿದೆಯೆಂಬುದನ್ನು ಮಾತ್ರ ಹೇಳುತ್ತದೆ. ಕಬ್ಬಿಣದ ಲೆಕ್ಕಕ್ಕೆ ಮೋಸ್‌ಬೌವರ್ ವಿಧಾನವೇ ಮೇಲು. ಇನ್ನು ಗೋಥೈಟಿನ ಗುರುತಾದ ತಗ್ಗುಗಳು ಸುಮಾರು 11.2 ಮತ್ತು 12.5 ಮೈಕ್ರಾನಿನಲ್ಲಿ ಬರುತ್ತವೆ. ಮೊದಲನೆಯದರ ಪಕ್ಕದಲ್ಲೇ ಆಲಿವೀನ್ ತನ್ನ ದೊಡ್ಡ ತಗ್ಗನ್ನು ಹಾಸಿಕೊಂಡು ಕುಳಿತಿದೆ. ಎರಡನೆಯದನ್ನು ನಂಬೋಣವೆಂದರೆ ಮರಳಿನ ಸ್ಫಟಿಕ 12.5 ಮತ್ತು 12.8ರಲ್ಲಿ ಜೋಡಿ ತಗ್ಗು ತೋರಿಸುತ್ತದೆ. ಕಲ್ಲಿನ ಬಿರುಕಿಗೆ ನಮ್ಮ ತೋಟದ ಮಣ್ಣು ಒಂದು ಚಿಟಿಕೆ ಸೇರಿದ್ದರೂ ಸಾಕು, ತುಕ್ಕೆಂದು ನಾವು ಬರೆದುಕೊಂಡದ್ದು ಮರಳಾಗಿರಬಹುದು! ಜೋಡಿಯ ಇನ್ನೊಂದು ತಗ್ಗು ಇದೆಯೇ ಎಂದು ನೋಡಿ, ಗೋಥೈಟಿನ ಹೈಡ್ರಾಕ್ಸಿಲ್ 3 ಮೈಕ್ರಾನಿನಾಚೆ ತೋರಿಸುವ ಅಗಲವಾದ ತಗ್ಗನ್ನೂ ಜೊತೆಗಿಟ್ಟು ತೂಗಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು.

ಮತ್ತೊಂದು ತೊಡಕು ನಮ್ಮ ಹವೆಯದೇ. ಹಳೆಯ ಪದ್ಧತಿಯಲ್ಲಿ ಕಲ್ಲಿನ ಪುಡಿ ಒಂದೆರಡು ಮಿಲಿಗ್ರಾಮಿನಷ್ಟನ್ನು ಸುಮಾರು ಇನ್ನೂರು, ಮುನ್ನೂರು ಮಿಲಿಗ್ರಾಂ ಪೊಟಾಸಿಯಂ ಬ್ರೋಮೈಡಿನೊಡನೆ ಅರೆದು, ಒತ್ತಿ, ಗಾಜಿನಂಥ ಬಿಲ್ಲೆ ಮಾಡುತ್ತಾರೆ. ಈ ಲವಣ ಗಾಳಿಯ ತೇವವನ್ನು ಹೀರುತ್ತದೆ. ಜುಲೈ ತಿಂಗಳಿನಲ್ಲಿ ಉಪ್ಪಿನ ಭರಣಿ ತಾನಾಗಿ ನೀರೂರುವ ನಮ್ಮ ಊರುಗಳಲ್ಲಿ ಆ ಬಿಲ್ಲೆ ತೋರಿಸುವ ನೀರು ಕಲ್ಲಿನದೋ ಲವಣದ್ದೋ ಎಂದು ಯಾರು ಹೇಳಬೇಕು? ಪುಡಿಯನ್ನು ನೇರವಾಗಿ ವಜ್ರದ ಮೈಗೆ ಒತ್ತಿ ನೋಡುವ ಈಗಿನ ಯಂತ್ರಗಳಲ್ಲಿ ಈ ಕಷ್ಟ ಬಹುಮಟ್ಟಿಗೆ ತಪ್ಪಿದೆ. ಆದರೂ ಪುಡಿ ತಾನೇ ಹೀರಿದ ತೇವವನ್ನು ಕಳೆಯಲು ಮೆಲ್ಲನೆ ಕಾಯಿಸಿ, ಗಾಳಿಯನ್ನು ತೆಗೆದು ಅಳೆಯುವುದೇ ವಿಹಿತ. ಇಷ್ಟೆಲ್ಲ ಎಚ್ಚರಿಕೆ ಏಕೆಂದರೆ, ದೂರದರ್ಶಕದಿಂದ ಕ್ಷುದ್ರಗ್ರಹಗಳನ್ನು ನೋಡುವವರು ಅಲ್ಲಿ ನೀರಿದೆಯೆಂದು ಹೇಳುವುದೂ ಇದೇ 3 ಮೈಕ್ರಾನಿನ ತಗ್ಗನ್ನು ನಂಬಿ. ಕೈಯಲ್ಲಿರುವ ಕಲ್ಲಿನ ತಗ್ಗು ನಮ್ಮ ಮಳೆಯದೋ ಆಕಾಶದ್ದೋ ತಿಳಿಯದಿದ್ದರೆ ಆ ಹೋಲಿಕೆಯೇ ಬುಡಮೇಲಾಗುತ್ತದೆ.

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಕಲ್ಲು ಸುರಕ್ಷಿತವೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ನಮ್ಮ ಮದ್ದೂರಿನ ಕಲ್ಲಿಗಿಂತ ಒಂದು ವರ್ಷ ಮೊದಲು, 1864ರ ಮೇ 14ರಂದು, ಫ್ರಾನ್ಸಿನ ಒರ್ಗೆಯ್ ಎಂಬಲ್ಲಿ ಇಂಗಾಲಯುಕ್ತವಾದ ಅಪರೂಪದ ಉಲ್ಕಾಶಿಲೆ ಬಿದ್ದಿತು. ಅದರಲ್ಲಿ ಬಿಳಿಯ ಸಲ್ಫೇಟ್ ಲವಣದ ಎಳೆಗಳು ಕಾಣುತ್ತವೆ. ಅವು ಆಕಾಶದಲ್ಲಿ ನೀರು ಹರಿದ ಗುರುತೆಂದು ಬಹುಕಾಲ ನಂಬಲಾಗಿತ್ತು. ಬಿದ್ದ ಕಾಲದ ವಿವರಣೆಗಳಲ್ಲಿ ಈ ಎಳೆಗಳ ಪ್ರಸ್ತಾಪವಿಲ್ಲವೆಂಬುದನ್ನು ಗಮನಿಸಿ, ಅವು ಸಂಗ್ರಹಾಲಯದ ಗಾಳಿಯ ತೇವದಲ್ಲಿ ಬೆಳೆದವೆಂದು ಗೂನೆಲ್ ಮತ್ತು ಜೊಲೆನ್ಸ್ಕಿ 2001ರಲ್ಲಿ ವಾದಿಸಿದರು. 2020ರ ಡಿಸೆಂಬರಿನಲ್ಲಿ ಜಪಾನಿನ ಹಯಬುಸಾ-2 ನೌಕೆ ರ್‍ಯೂಗು ಎಂಬ ಕ್ಷುದ್ರಗ್ರಹದಿಂದ ಸುಮಾರು 5.4 ಗ್ರಾಂ ಪುಡಿಯನ್ನು ಗಾಳಿ ತಾಗದಂತೆ ತಂದಿತು. ಅದು ಒರ್ಗೆಯ್ ಜಾತಿಯದೇ. ಆದರೆ ಅದರಲ್ಲಿ ಆ ಬಿಳಿಯ ಎಳೆಗಳಿರಲಿಲ್ಲ, ಜೇಡಿಯ ಪದರಗಳ ನಡುವಣ ನೀರೂ ಕಡಿಮೆಯಿತ್ತು. ಪ್ಯಾರಿಸ್ಸಿನ ಹವೆಯೇ ಒಂದೂವರೆ ಶತಮಾನದಲ್ಲಿ ಹೀಗೆ ಮಾಡಿದ್ದರೆ, ಕಳಸದ ಒಂದು ಮಳೆಗಾಲ ಏನು ಮಾಡೀತು? ಅದನ್ನು ಅಳೆದು ಹೇಳುವುದರಲ್ಲಿ ನಮ್ಮ ಪಾಲಿನ ವಿಜ್ಞಾನವಿದೆ.

ಒಣ ನಾಡಿನಲ್ಲಿ ಈ ಬಗೆಯ ಕೆಲಸ ನಡೆದಿದೆ. ಅಮೆರಿಕದ ಅರಿಜೋನಾದ ಹಾಲ್‌ಬ್ರೂಕಿನಲ್ಲಿ 1912ರಲ್ಲಿ ಸಾವಿರಾರು ಕಲ್ಲುಗಳು ಉದುರಿದವು. ಆಗಲೇ ಹೆಕ್ಕಿದ ಕಲ್ಲನ್ನು 1931ರಲ್ಲಿ ಮತ್ತು 1968ರಲ್ಲಿ ಅದೇ ನೆಲದಿಂದ ಹೆಕ್ಕಿದ ಕಲ್ಲುಗಳೊಡನೆ ಹೋಲಿಸಿ ಬದಲಾವಣೆಯನ್ನು ಗುರುತಿಸಿದರು. ನಮ್ಮ ದೇಶದಲ್ಲಿ 2017ರ ಜೂನ್ 6ರಂದು ಜಯಪುರದ ಬಳಿಯ ಮುಕುಂದಪುರದಲ್ಲಿ ಬಿದ್ದ ಇಂಗಾಲದ ಉಲ್ಕೆಯನ್ನು ಮುಂಗಾರು ಅಲ್ಲಿಗೆ ತಲುಪುವ ಮೊದಲೇ ಎತ್ತಿದರು. ಆದ್ದರಿಂದ ಅದರ ಖನಿಜಗಳಲ್ಲಿರುವ ನೀರು ಅದರದೇ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಯಿತು. ನಮ್ಮ ರಾಜ್ಯದ ಗಡಿಗೆ ಹತ್ತಿರ, ಹೊಸೂರಿನಾಚೆಯ ಸೂಳಗಿರಿಯಲ್ಲಿ, 2008ರ ಸೆಪ್ಟೆಂಬರ್ 12ರಂದು ನೂರು ಕಿಲೋಗ್ರಾಂ ಮೀರಿದ ಕಲ್ಲುಗಳು ಬಿದ್ದವು. ಅದು ಮುಂದೆ ಹಿಂಗಾರು ಬರುವ ನೆಲ. ನಾಳೆ ಅಂಥದೇ ಒಂದು ಕೊಪ್ಪದಲ್ಲೋ ಬಾಳೆಹೊನ್ನೂರಿನಲ್ಲೋ ಜುಲೈ ತಿಂಗಳಿನಲ್ಲಿ ಬಿದ್ದರೆ ನಾವು ಸಿದ್ಧರಿದ್ದೇವೆಯೇ?

ಸಿದ್ಧರಿಲ್ಲವೆಂಬುದಕ್ಕೆ ನಾನೇ ಸಾಕ್ಷಿ. ತೊಳೆದೆನಲ್ಲವೇ? ನೀರು ಅದರ ಮೊದಲ ಶತ್ರು. ಅಯಸ್ಕಾಂತ ತಾಗಿಸಿದೆನಲ್ಲವೇ? ಸೌರಮಂಡಲದ ಆದಿಯ ಕಾಂತಕ್ಷೇತ್ರದ ಗುರುತು ಕೆಲವು ಉಲ್ಕೆಗಳಲ್ಲಿ ಉಳಿದಿರುತ್ತದೆ. ಬಲವಾದ ಅಯಸ್ಕಾಂತ ಅದನ್ನು ಕ್ಷಣದಲ್ಲಿ ಅಳಿಸಿಹಾಕುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪೂ ಜಿಡ್ಡೂ ಸೇರುತ್ತವೆ, ಜಿಡ್ಡು ರೋಹಿತದಲ್ಲಿ ಕಾಣಿಸಿಕೊಂಡು ಇಂಗಾಲದ ಸಂಯುಕ್ತವೆಂದು ಭ್ರಮೆ ಹುಟ್ಟಿಸುತ್ತದೆ. ಆಕಾಶದಿಂದ ಬಂದ ಕಲ್ಲೆಂದು ಭಕ್ತಿಯಿಂದ ಅರಿಸಿನ ಕುಂಕುಮ ಹಚ್ಚಿ ದಿನವೂ ನೀರೆರೆಯುವುದು ನಮ್ಮ ಜನರಿಗೆ ಸಹಜ. ಆ ಭಕ್ತಿಯನ್ನು ನಾನು ಹಳಿಯುವುದಿಲ್ಲ, ಆದರೆ ಕಲ್ಲಿನ ಆಯುಸ್ಸು ಅದರಿಂದ ಕುಗ್ಗುವುದಂತೂ ದಿಟ. ಮಾಡಬೇಕಾದುದು ಅಲ್ಪ. ಬಿದ್ದ ಜಾಗ, ಗಳಿಗೆ, ಆಗಿನ ಮಳೆ ಇವನ್ನು ಬರೆದಿಡಬೇಕು. ಒಣಬಟ್ಟೆಯಿಂದಲೋ ಶುಭ್ರವಾದ ಹಾಳೆಯಿಂದಲೋ ಹಿಡಿದೆತ್ತಿ, ತೇವಹೀರುವ ಸಿಲಿಕಾ ಹರಳುಗಳೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಸುತ್ತಣ ಮಣ್ಣನ್ನೂ ಒಂದು ಹಿಡಿ ಬೇರೆ ಡಬ್ಬಿಯಲ್ಲಿ ತೆಗೆದಿಡಬೇಕು, ರೋಹಿತವನ್ನು ಹೋಲಿಸಲು ಅದು ಬೇಕಾಗುತ್ತದೆ. ಆಮೇಲೆ ತಾಲ್ಲೂಕು ಕಚೇರಿಯ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ತಿಳಿಸಬೇಕು. ದೇಶದ ಉಲ್ಕಾಶಿಲೆಗಳ ಪಾಲನೆ ಅವರದು.

ಕಾಫಿಯ ಬೆಲೆ, ಆನೆಯ ಕಾಟ, ಕುಸಿಯುವ ಗುಡ್ಡ ಇಷ್ಟೆಲ್ಲ ಇರುವಾಗ ಎಂದೋ ಬೀಳುವ ಕಲ್ಲಿನ ತುಕ್ಕಿನ ಚಿಂತೆ ಏಕೆಂದು ಪೋಷಕರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ನಾವು ಕಾಫಿ ನೆಟ್ಟಿರುವ ಈ ಕೆಂಪು ಮಣ್ಣು ಕೂಡ ಇಂಥ ಶಿಥಿಲೀಕರಣದಿಂದಲೇ ಹುಟ್ಟಿದ್ದು. ಅದರಲ್ಲಿರುವ ಗೋಥೈಟ್, ಹೆಮಟೈಟ್, ಕೆಯೊಲಿನ್ ಜೇಡಿ ಇವೆಲ್ಲ ಅದೇ ರೋಹಿತದಲ್ಲಿ ಕಾಣುತ್ತವೆ. ಹಾಕಿದ ರಂಜಕವನ್ನು ಗಿಡಕ್ಕೆ ಬಿಡದೆ ಹಿಡಿದುಕೊಳ್ಳುವುದೂ ಈ ಖನಿಜಗಳೇ. ಉಲ್ಕಾಶಿಲೆಯ ತುಕ್ಕನ್ನು ಓದಲು ಕಲಿತ ಹುಡುಗ ತನ್ನ ತೋಟದ ಮಣ್ಣನ್ನೂ ಓದಬಲ್ಲ. ಅವಕೆಂಪು ರೋಹಿತಮಾಪಕ ಈಗ ಅಪರೂಪದ ಯಂತ್ರವೂ ಅಲ್ಲ. ಔಷಧವಿಜ್ಞಾನದ ಕಾಲೇಜುಗಳಲ್ಲಿ ಮಾತ್ರೆಗಳ ಪರೀಕ್ಷೆಗೆ ಅದು ದಿನನಿತ್ಯ ಬಳಕೆಯಲ್ಲಿದೆ. ವರ್ಷಕ್ಕೆ ನಾಲ್ಕು ದಿನ ಅದನ್ನು ನಮ್ಮ ಜಿಲ್ಲೆಯ ಕಲ್ಲುಮಣ್ಣಿಗೆ ಬಿಟ್ಟುಕೊಟ್ಟರೆ ಮಾತ್ರೆಗಳಿಗೇನೂ ನಷ್ಟವಾಗದು. ಅಂಗಡಿಯಲ್ಲಿ ಮಾರುವ ಸಹಾರಾದ ಚೂರುಗಳನ್ನು ಹಣ ಕೊಟ್ಟು ತಂದು ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶಿಸುವುದಕ್ಕಿಂತ ಇದು ಲೇಸೆಂಬುದು ನನ್ನ ಹಟ.

ಉಲ್ಕಾಶಿಲೆಯೇ ಇಲ್ಲದೆ ಕೆಲಸ ಹೇಗೆ ಆರಂಭಿಸುವುದೆಂದರೆ, ಅದರ ಬದಲಿಯಿಂದ. ಮೈಸೂರು ಜಿಲ್ಲೆಯ ಮ್ಯಾಗ್ನೆಸೈಟ್ ಗಣಿಗಳ ಸುತ್ತ ಆಲಿವೀನ್ ತುಂಬಿದ ಡ್ಯೂನೈಟ್ ಶಿಲೆ ಸಿಗುತ್ತದೆ. ಅದರ ತಾಜಾ ಚೂರುಗಳೊಡನೆ ನಿಕಲ್ ಕಬ್ಬಿಣದ ಹರಳುಗಳನ್ನು ಇರಿಸಿದರೆ ಕಾಂಡ್ರೈಟಿನ ಒರಟು ಪ್ರತಿರೂಪ ಸಿದ್ಧವಾಗುತ್ತದೆ. ಅಂಥ ನಾಲ್ಕು ತಟ್ಟೆಗಳನ್ನು ಕಡೂರು, ಚಿಕ್ಕಮಗಳೂರು, ಮೂಡಿಗೆರೆ, ಕಳಸ ಹೀಗೆ ಮಳೆ ಏರುತ್ತ ಹೋಗುವ ಸಾಲಿನಲ್ಲಿ ಬಯಲಿಗೆ ಇಟ್ಟು, ಪ್ರತಿ ಮೂರು ತಿಂಗಳಿಗೊಮ್ಮೆ ಒಂದೊಂದು ಚೂರನ್ನು ತೆಗೆದು, ಒಣಗಿಸಿ, ರೋಹಿತವನ್ನು ಪಡೆಯುವುದು ನಮ್ಮ ವಿಜ್ಞಾನ ಸಂಘದ ಯೋಜನೆ. ಪ್ರತಿ ತಟ್ಟೆಯ ಪಕ್ಕದಲ್ಲಿ ಒಂದು ಮಳೆಮಾಪಕವಿರುತ್ತದೆ. ಮೇ ತಿಂಗಳ ಕೊನೆಯ ವಾರದಲ್ಲಿ, ಮುಂಗಾರು ಹಿಡಿಯುವ ಮೊದಲು, ತಟ್ಟೆಗಳು ಸ್ಥಳ ಸೇರಬೇಕು. ಮೊದಲ ಮೂರು ಊರುಗಳಲ್ಲಿ ಜಾಗ ಸಿಕ್ಕಿದೆ. ಕಳಸದ ಕಡೆ ತೋಟದಲ್ಲಿ ಮರದ ನೆರಳಿಲ್ಲದ ಒಂದು ಗಜ ನೆಲವನ್ನು ಎರಡು ವರ್ಷದ ಮಟ್ಟಿಗೆ ಬಿಟ್ಟುಕೊಡುವ ಪೋಷಕರಿದ್ದರೆ ಶಾಲೆಯ ವಿಳಾಸಕ್ಕೆ ಒಂದು ಕಾಗದ ಬರೆಯಬೇಕಾಗಿ ವಿನಂತಿ. ಮಂಗಗಳಿಂದ ತಟ್ಟೆಯನ್ನು ಕಾಯಲು ತಂತಿಯ ಬಲೆಯನ್ನು ನಾವೇ ತರುತ್ತೇವೆ.